ಕಣ್ಣಂಚಿನ ಉಂಗುರ

ದಬ್ಬೇಘಟ್ಟದ ಸರ್ಕಾರಿ ಆಸ್ಪತ್ರೆಗೆ ಡಾಕ್ಟರ್ ರೇವಣಸಿದ್ದಯ್ಯ ವರ್ಗವಾಗಿ ಬಂದ ಹೊಸದರಲ್ಲಿ ಊರಿನವರಿಗೆ ಅವರ ಮೇಲೆ ಅಂಥ ನಂಬಿಕೆಯೇನೂ ಇರಲಿಲ್ಲ. ಎಪ್ಪತ್ತರ ದಶಕದ ನಡುವಿನ ಮಾತು. ಬಂದವರಿಗೆಲ್ಲ ಒಂದು ಇಂಜೆಕ್ಷನ್ ಕೊಟ್ಟು ಕಳಿಸುವವರೇ ಒಳ್ಳೆಯ ಡಾಕ್ಟರು ಎಂದು ಜನ ತಿಳಿದಿದ್ದರು. ಇವರಾದರೆ ರೋಗಿಯನ್ನು ಎದುರಿಗೆ ಕೂರಿಸಿಕೊಂಡು ಸುಮ್ಮನೆ ನೋಡುತ್ತಾ ಕೂರುವವರು. ಒಂದಷ್ಟು ನಡೆದು ತೋರಿಸು ಅನ್ನುವರು, ನಾಲಿಗೆ ಚಾಚು ಅನ್ನುವರು, ಮನೆಯಲ್ಲಿ ಯಾರ್ಯಾರು ಏನೇನಾಗಿ ತೀರಿಕೊಂಡರು ಎಂದು ಕೇಳುವರು. ಅಷ್ಟರಲ್ಲಿ ಹೊರಗೆ ಜಗಲಿಯ ಮೇಲೆ ಕಾದವರಿಗೆ ತುರುವೇಕೆರೆ ಬಸ್ಸು ತಪ್ಪಿಹೋಗಿರುತ್ತಿತ್ತು.

ಅವರ ಹೆಸರು ಸುತ್ತಲ ಹಳ್ಳಿಗಳಿಗೆ ತಿಳಿದದ್ದು ಕೆಂಚಯ್ಯನ ದೆಸೆಯಿಂದ. ಕೆಂಚಯ್ಯನ ಮೈಮೇಲೆ ಬೆಳಗಿನ ಹೊತ್ತು ದೇವರು ಬರುತ್ತಿತ್ತು. ಹಾಸಿಗೆಯಿಂದ ಎದ್ದವನೇ ಬೆವರಿ, ನಡುಗಿ, ಮನೆಯವರ ಗುರುತೂ ಹತ್ತದೆ ಕೂಗಾಡುತ್ತಿದ್ದ. ಬಾಳೆಹಣ್ಣು ಬೆಲ್ಲ ನೈವೇದ್ಯ ಕೊಟ್ಟರೆ ತಿಂದು, ಸ್ವಲ್ಪ ಹೊತ್ತಿಗೆ ತಣ್ಣಗಾಗುತ್ತಿದ್ದ. ಜನ ಹಣ್ಣುಕಾಯಿ ಹಿಡಿದು ಬಂದು ಅವನಿಂದ ಹೇಳಿಕೆ ಕೇಳಿಕೊಂಡು ಹೋಗುವುದೂ ಶುರುವಾಗಿತ್ತು. ಒಂದು ದಿನ ನೈವೇದ್ಯ ತಡವಾಗಿ ಆತ ಪ್ರಜ್ಞೆ ತಪ್ಪಿ ಬಿದ್ದಾಗ ಗಾಡಿಯಲ್ಲಿ ಹಾಕಿಕೊಂಡು ಆಸ್ಪತ್ರೆಗೆ ತಂದರು. ರೇವಣಸಿದ್ದಯ್ಯ ವಿಷಯವನ್ನೆಲ್ಲ ಕೇಳಿ ಅವನ ನರಕ್ಕೆ ಗ್ಲೂಕೋಸ್ ಏರಿಸಿದರು. ಕೆಂಚಯ್ಯ ಎದ್ದು ಕೂತು ಬೀಡಿ ಕೇಳಿದ. ಹೊಟ್ಟೆಯೊಳಗೆ ಒಂದು ಸಣ್ಣ ಗಂಟು ಇರಬೇಕು, ಅದು ರಕ್ತದ ಸಕ್ಕರೆಯನ್ನೆಲ್ಲ ಇಳಿಸಿಬಿಡುತ್ತಿದೆ ಎಂದು ಅವರು ಹೇಳಿದ್ದು ಬೆಂಗಳೂರಿನಲ್ಲಿ ಆಪರೇಷನ್ ಮಾಡಿದಾಗ ನಿಜವಾಯಿತು. ಹುಣಸೆಬೀಜದಷ್ಟು ಗಂಟು ಸಿಕ್ಕಿತಂತೆ. ಕೆಂಚಯ್ಯ ಬದುಕಿಕೊಂಡ. ದೇವರು ಬರುವುದು ನಿಂತದ್ದಕ್ಕೆ ಅವನ ಹೆಂಡತಿಯೂ ಸೇರಿ ಹಲವರಿಗೆ ಬೇಸರವಾಯಿತು.

ಆಮೇಲೆ ಹನುಮಕ್ಕ. ಹೊಸದಾಗಿ ಮದುವೆಯಾಗಿ ಬಂದ ಸೊಸೆ. ಬೆಳಗ್ಗೆ ಚುರುಕಾಗಿ ಓಡಾಡುತ್ತಿದ್ದವಳಿಗೆ ಸಂಜೆಯಾಗುತ್ತಿದ್ದಂತೆ ಕಣ್ಣಿನ ರೆಪ್ಪೆ ಜೋತುಬೀಳುತ್ತಿತ್ತು, ಮಾತು ಮೂಗಿಗೆ ಹೋಗುತ್ತಿತ್ತು, ಬಾಯಿಗಿಟ್ಟ ಮುದ್ದೆ ಗಂಟಲಿಗಿಳಿಯದೆ ಉಳಿಯುತ್ತಿತ್ತು. ಸಂಜೆ ಒಲೆ ಮುಂದೆ ಕೂರುವುದಕ್ಕೆ ಸೋಮಾರಿತನ ಎಂದು ಅತ್ತೆ ಸೌಟಿನಿಂದ ಹೊಡೆದಿದ್ದಳು. ಬೆಳಗ್ಗೆ ಕರೆತಂದಾಗ ಡಾಕ್ಟರಿಗೂ ಏನೂ ಕಾಣಲಿಲ್ಲ. ಆದರೆ ಅವರು ಬೈದು ಕಳಿಸದೆ, ಸಂಜೆ ಮತ್ತೆ ಕರೆದುಕೊಂಡು ಬನ್ನಿ ಎಂದರು. ಸಂಜೆ ಬಂದವಳನ್ನು ಮೇಲೆ ತೊಲೆ ನೋಡುತ್ತಾ ಕೂರು ಎಂದರು. ನೋಡುತ್ತಿದ್ದಂತೆಯೇ ರೆಪ್ಪೆ ಎರಡೂ ಇಳಿದು ಮುಚ್ಚಿಕೊಂಡವು. ಒಂದು ಇಂಜೆಕ್ಷನ್ ಕೊಟ್ಟು ಕಾದರು. ರೆಪ್ಪೆ ತಾವಾಗಿ ಮೇಲೆದ್ದವು. ಹನುಮಕ್ಕ ಅತ್ತೆಯ ಕಡೆ ತಿರುಗಿ, ಸ್ವಚ್ಛವಾದ ದನಿಯಲ್ಲಿ, "ನಾನು ನಾಟ್ಕ ಆಡ್ತಿರ್ಲಿಲ್ಲ ಅತ್ತೆ" ಎಂದಳು. ಅತ್ತೆ ಅಲ್ಲೇ ಗೋಡೆಗೊರಗಿ ಕೂತು ಸೆರಗಿನಿಂದ ಬಾಯಿ ಮುಚ್ಚಿಕೊಂಡು ಅತ್ತಳು. ನರದ ಮಾತು ಸ್ನಾಯುವಿಗೆ ಸರಿಯಾಗಿ ತಲುಪದಿರುವ ಕಾಯಿಲೆ ಅದು, ದಿನಾ ಮಾತ್ರೆ ತೆಗೆದುಕೊಂಡರೆ ಸಂಸಾರ ಮಾಡಿಕೊಂಡಿರಬಹುದು ಎಂದು ಡಾಕ್ಟರು ಹೇಳಿದರು. ಹಾಗೆಯೇ ಆಯಿತು.

ಈ ಹನುಮಕ್ಕನೇ ಪಕ್ಕದ ಮನೆಯ ಗಂಗಣ್ಣನ ಹೆಂಡತಿಗೆ ಹೇಳಿ, ಅವರ ಮಗಳನ್ನು ರೇವಣಸಿದ್ದಯ್ಯನವರಲ್ಲಿಗೆ ಕಳಿಸಿದ್ದು.

ಗಂಗಣ್ಣನಿಗೆ ಕೆರೆಯ ಕೆಳಗೆ ತೆಂಗಿನ ತೋಟ, ಚಾನಲ್ ನೀರು ಹತ್ತುವಲ್ಲಿ ಒಂದಿಷ್ಟು ಗದ್ದೆ ಇತ್ತು. ಹೆಂಡತಿ ಸಿದ್ದಗಂಗಮ್ಮ ಅವನ ಸ್ವಂತ ಅಕ್ಕನ ಮಗಳು. ಹುಟ್ಟಿದ ದಿನವೇ ಇವಳು ತಮ್ಮನಿಗೆ ಎಂದು ಅಕ್ಕ ಮಾತು ಕೊಟ್ಟು ಮಾಡಿದ ಮದುವೆ. ಮೂವರು ಮಕ್ಕಳು. ದೊಡ್ಡವಳು ಹೊಂಬಾಳಮ್ಮ, ನಡುವಿನವನು ಈರಣ್ಣ, ಕೊನೆಯವಳು ಚಿಕ್ಕಗೌರಮ್ಮ; ಅವಳನ್ನು ಎಲ್ಲರೂ ಗೌರಿ ಎಂದೇ ಕರೆಯುತ್ತಿದ್ದರು. ಡಾಕ್ಟರು ಆ ಊರಿಗೆ ಬರುವುದಕ್ಕೆ ಮುಂಚೆಯೇ ಈರಣ್ಣ ಕಾಮಾಲೆಯಾಗಿ ತೀರಿಕೊಂಡಿದ್ದ. ಕಣ್ಣು ಹಳದಿಯಾಯಿತು, ಹೊಟ್ಟೆ ಊದಿಕೊಂಡಿತು, ಸೊಪ್ಪಿನ ರಸ ಕುಡಿಸಿದರು, ಪಥ್ಯ ಮಾಡಿಸಿದರು, ಹುಡುಗ ಉಳಿಯಲಿಲ್ಲ. ಕಾಮಾಲೆಯಲ್ಲಿ ಮಕ್ಕಳು ಹೋಗುವುದು ಆ ಕಾಲಕ್ಕೆ ಹೊಸದಾಗಿರಲಿಲ್ಲ. ಯಾರೂ ಅದರಾಚೆಗೆ ಯೋಚಿಸಲಿಲ್ಲ.

ಹೊಂಬಾಳಮ್ಮನಿಗೆ ಹದಿನೈದು ತುಂಬಿದ ಮೇಲೆ ಶುರುವಾಯಿತು. ಅವಳು ಹೂ ಕಟ್ಟುವುದರಲ್ಲಿ ಬೀದಿಗೆಲ್ಲ ಹೆಸರಾದವಳು. ಮಾತಾಡುತ್ತಾ, ಕೈಯತ್ತ ನೋಡದೆ, ಕನಕಾಂಬರದ ಮಾರುಗಟ್ಟಲೆ ದಂಡೆ ಕಟ್ಟಿ ಎಸೆಯುತ್ತಿದ್ದಳು. ಒಂದು ಶ್ರಾವಣದಲ್ಲಿ ಅವಳ ಗಂಟು ಜಾರತೊಡಗಿತು. ಬೆರಳು ನಡುಗುತ್ತವೆ ಎಂದಳು; ರಾಗಿ ಬೀಸಿ ಸೋತಿರಬೇಕು ಎಂದುಕೊಂಡರು. ಆಮೇಲೆ ಬಾವಿಕಟ್ಟೆಯಲ್ಲಿ ಬಿಂದಿಗೆ ಕೈಜಾರಿತು. ಮಾತು ದಪ್ಪವಾಯಿತು. ಬಾಯಂಚಿನಲ್ಲಿ ಜೊಲ್ಲು ಇಳಿಯುತ್ತಿತ್ತು, ಮುಖದ ಮೇಲೆ ಒಂದು ನಗೆ ಅಂಟಿಕೊಂಡು ಹೋಗದೆ ಉಳಿಯಿತು. ಬೀದಿಯಲ್ಲಿ ಯಾರೋ ಸತ್ತಾಗ ಹೆಣದ ಮುಂದೆ ನಿಂತು ಗಟ್ಟಿಯಾಗಿ ನಕ್ಕುಬಿಟ್ಟಳು. ತಡೆಯಲಾಗದೆ ಬಂದ ನಗು. ನಗುತ್ತಲೇ ಅವಳು ಮನೆಗೆ ಓಡಿಹೋಗಿ ಬಾಗಿಲು ಹಾಕಿಕೊಂಡಿದ್ದಳು. ಅಂದಿನಿಂದ ಅದು ಗಾಳಿ ಎಂದು ನಿಶ್ಚಯವಾಯಿತು. ಗಂಗಣ್ಣ ಮಗಳನ್ನು ಕರೆದುಕೊಂಡು ತಿರುಗದ ಗುಡಿಯಿಲ್ಲ. ತಾಯತ ಕಟ್ಟಿಸಿದ. ಯಾರೋ ಹೇಳಿದರೆಂದು ಮಣಿಕಟ್ಟಿಗೆ ಬರೆ ಹಾಕಿಸಿದ. ಹೀಗೆ ವರ್ಷಕ್ಕೂ ಹೆಚ್ಚು ಕಾಲ ಕಳೆಯಿತು. ಕೊನೆಗೆ ಅವಳನ್ನು ಹಿತ್ತಿಲ ಕೋಣೆಯಲ್ಲಿ ಕೂರಿಸಿದರು, ಬಂದವರ ಕಣ್ಣಿಗೆ ಬೀಳದಂತೆ.

ಹನುಮಕ್ಕ ಒಂದು ದಿನ ಆ ಕೋಣೆಗೆ ಹೋಗಿ ಕೂತು ಬಂದಳು. ಹೊರಗೆ ಬಂದು ಸಿದ್ದಗಂಗಮ್ಮನಿಗೆ, "ನನ್ನೂ ಹಿಂಗೇ ಅಂದಿದ್ರು ಕಣಕ್ಕ. ಒಂದ್ಸಲ ಆ ಡಾಕ್ಟ್ರಿಗೆ ತೋರ್ಸು" ಎಂದಳು.

ಹೊಂಬಾಳಮ್ಮ ಅಪ್ಪನ ತೋಳು ಹಿಡಿದುಕೊಂಡು, ಒಂದು ಕಾಲು ಎಳೆಯುತ್ತಾ, ನಡೆದೇ ಆಸ್ಪತ್ರೆಗೆ ಬಂದಳು; ತಾಯಿಯೂ ಜೊತೆಗಿದ್ದಳು. ರೇವಣಸಿದ್ದಯ್ಯ ಎಂದಿನಂತೆ ಬಹಳ ಹೊತ್ತು ನೋಡಿದರು. ಕೈ ಚಾಚು ಎಂದರು. ಚಾಚಿದ ತೋಳು ಹಕ್ಕಿ ರೆಕ್ಕೆ ಬಡಿದಂತೆ ಬಡಿಯಿತು. ಹೆಸರು ಕೇಳಿದರು, ಅರ್ಧ ಹೇಳುವಷ್ಟರಲ್ಲಿ ನಾಲಿಗೆ ನಿಂತಿತು. ನಾನು ಹೇಳುವುದೆಲ್ಲ ನಿನಗೆ ತಿಳಿಯುತ್ತಿದೆಯಾ ಎಂದು ಕೇಳಿದರು. ಅವಳು ಹೌದೆಂದು ತಲೆಯಾಡಿಸಿದಳು. ಮುಖದಲ್ಲಿ ಆ ನಗು ಹಾಗೆಯೇ ಇತ್ತು, ಕಣ್ಣಿನಿಂದ ನೀರು ಇಳಿಯಿತು. ಅಷ್ಟು ದಿನ ಯಾರೂ ಅವಳನ್ನು ಆ ಪ್ರಶ್ನೆ ಕೇಳಿರಲಿಲ್ಲ.

ಅವರು ತಂದೆತಾಯಿಯ ಸಂಬಂಧ ಕೇಳಿದರು, ಉಳಿದ ಮಕ್ಕಳನ್ನು ಕೇಳಿದರು. ಈರಣ್ಣನ ವಿಷಯ ಬಂತು. ಹೊಟ್ಟೆ ಊದಿದ್ದು, ಕಾಲು ಬಾತದ್ದು, ಎಷ್ಟು ಬೇಗ ಹೋದ ಎಂಬುದನ್ನೆಲ್ಲ ಸಿದ್ದಗಂಗಮ್ಮ ಹೇಳುತ್ತಿರುವಾಗಲೇ ಡಾಕ್ಟರು ಎದ್ದು, ಹುಡುಗಿಯನ್ನು ಕಿಟಕಿಯ ಬಳಿಗೆ ಕರೆದುಕೊಂಡು ಹೋದರು. ಗಲ್ಲ ಹಿಡಿದೆತ್ತಿ ಕಣ್ಣಿಗೆ ಪಕ್ಕದಿಂದ ಟಾರ್ಚು ಬಿಟ್ಟರು. ಕರಿಗುಡ್ಡೆಯ ಅಂಚಿನ ಸುತ್ತ ಒಂದು ಸಣ್ಣ ಉಂಗುರ ಕಂಡಿತು. ಹುಳಿ ತಾಗಿದ ತಾಮ್ರಕ್ಕೆ ಹಿಡಿಯುವ ಕಿಲುಬಿನ ಬಣ್ಣ. ಓದುವ ಕಾಲದಲ್ಲಿ ಒಮ್ಮೆ, ಒಬ್ಬ ರೋಗಿಯಲ್ಲಿ, ಅವರು ಅದನ್ನು ನೋಡಿದ್ದರು. ಮತ್ತೆ ನೋಡುತ್ತೇನೆಂದು ಅಂದುಕೊಂಡಿರಲಿಲ್ಲ.

"ಇದು ಗಾಳಿಯಲ್ಲ, ಹುಚ್ಚೂ ಅಲ್ಲ ಕಣಪ್ಪ" ಎಂದರು ಗಂಗಣ್ಣನಿಗೆ. ಆಮೇಲೆ ನಿಧಾನವಾಗಿ ಬಿಡಿಸಿ ಹೇಳಿದರು. ನಾವು ತಿನ್ನುವ ಅನ್ನದಲ್ಲಿ, ಕುಡಿಯುವ ನೀರಿನಲ್ಲಿ ಚೂರು ತಾಮ್ರ ಇರುತ್ತದೆ. ಮೈ ತನಗೆ ಬೇಕಾದಷ್ಟು ಇಟ್ಟುಕೊಂಡು ಉಳಿದದ್ದನ್ನು ಹೊರಗೆ ಹಾಕುತ್ತದೆ. ಲಕ್ಷಕ್ಕೊಬ್ಬರ ಮೈಗೆ ಹಾಗೆ ಹೊರಗೆ ಹಾಕುವುದು ಬರುವುದಿಲ್ಲ, ಹುಟ್ಟಿನಿಂದಲೇ. ಅದು ಮೊದಲು ಈಲಿಯಲ್ಲಿ, ಅಂದರೆ ಲಿವರಿನಲ್ಲಿ, ಕೂರುತ್ತದೆ, ಅಲ್ಲಿ ತುಂಬಿದ ಮೇಲೆ ಮಿದುಳಿಗೆ ಏರುತ್ತದೆ.

ಸಿದ್ದಗಂಗಮ್ಮ, "ನಮ್ಮ ಈರಂಗೂ ಇದೇ ಆಗಿತ್ತಾ?" ಎಂದು ಕೇಳಿದಳು.

"ಇದೇ ಇರಬೇಕು ತಾಯಿ. ಅವನಿಗೆ ಈಲಿಯಲ್ಲೇ ಮುಗೀತು."

ಚಿಕ್ಕ ಮಗಳನ್ನೂ ನೋಡಬೇಕು ಎಂದರು ಡಾಕ್ಟರು. ಅವಳು ಚೆನ್ನಾಗಿದ್ದಾಳೆ, ಸ್ಕೂಲಿಗೆ ಹೋಗಿದ್ದಾಳೆ, ಅವಳನ್ನು ಯಾಕೆ ಎಂದ ಗಂಗಣ್ಣ.

ಬೆಂಗಳೂರಿನ ದೊಡ್ಡ ಆಸ್ಪತ್ರೆಗೆ ಹೋಗಲೇಬೇಕಿತ್ತು. ರೇವಣಸಿದ್ದಯ್ಯ ರಜೆ ಹಾಕಿ ತಾವೇ ಜೊತೆಗೆ ಹೊರಟರು. ಗೌರಿಯನ್ನೂ ಬಿಡದೆ ಕರೆದುಕೊಂಡು ಹೋದರು. ತಿಪಟೂರಿನಲ್ಲಿ ರೈಲು ಹತ್ತಿದಾಗ ಒಂಬತ್ತು ವರ್ಷದ ಗೌರಿಗೆ ಹಬ್ಬ. ಕಿಟಕಿ ಬಿಟ್ಟು ಕದಲಲಿಲ್ಲ. ಕಂಡ ಸ್ಟೇಷನ್ನಿನ ಹೆಸರನ್ನೆಲ್ಲ ಓದಿ ಅಕ್ಕನಿಗೆ ಹೇಳುತ್ತಿದ್ದಳು, ಅಕ್ಕ ಗಂಟಲಿನಲ್ಲೇ ಹೂಂಗುಟ್ಟುತ್ತಿದ್ದಳು.

ಅಲ್ಲಿ ರಕ್ತ, ಮೂತ್ರ, ಕಣ್ಣು ಎಲ್ಲವನ್ನೂ ನೋಡಿದರು. ರೇವಣಸಿದ್ದಯ್ಯ ಹೇಳಿದ್ದೇ ನಿಜ ಎಂದರು. ಗೌರಿಗೂ ಅದೇ ಇತ್ತು. ಅವಳ ಕಣ್ಣಿನಲ್ಲಿ ಉಂಗುರ ಮೂಡಿರಲಿಲ್ಲ, ಆದರೆ ಈಲಿಯಲ್ಲಿ ಕೂರತೊಡಗಿತ್ತು. ಅಲ್ಲಿನ ಒಬ್ಬ ಡಾಕ್ಟರು ಸಿದ್ದಗಂಗಮ್ಮನನ್ನು ಕೂರಿಸಿಕೊಂಡು, ಇದು ತಂದೆಯ ಕಡೆಯಿಂದ ಅರ್ಧ, ತಾಯಿಯ ಕಡೆಯಿಂದ ಅರ್ಧ ಬಂದು ಕೂಡಿದಾಗ ಮಾತ್ರ ಆಗುವುದು, ಒಂದೇ ರಕ್ತದವರು ಮದುವೆಯಾದಾಗ ಹೀಗೆ ಕೂಡುವ ಸಂಭವ ಹೆಚ್ಚು ಎಂದು ತಿಳಿಸಿದರು. ಅವಳು ಎಲ್ಲವನ್ನೂ ಕೇಳಿಕೊಂಡಳು. ಮರಳಿ ಬರುವಾಗ ರೈಲಿನಲ್ಲಿ ಗಂಗಣ್ಣ ನಿದ್ದೆ ಹೋದ ಮೇಲೆ ರೇವಣಸಿದ್ದಯ್ಯನವರ ಕಡೆ ತಿರುಗಿ, "ಹಂಗಾರೆ ನಾವಿಬ್ರೇ ಕೊಟ್ಟಿದ್ದಾ ಡಾಕ್ಟ್ರೇ, ಮಕ್ಕಳಿಗೆ?" ಎಂದು ಕೇಳಿದಳು.

ಗೊತ್ತಿಲ್ಲದೆ ಕೊಟ್ಟದ್ದು ತಪ್ಪಾಗುವುದಿಲ್ಲ ಎಂದು ಅವರು ಹೇಳಿದರು. ಊರಿಗೆ ಬಂದ ಮೇಲೆ ಅವಳು ಈ ಮಾತನ್ನು ತನ್ನ ತಾಯಿಗೆ ಮಾತ್ರ ಎಂದೂ ಹೇಳಲಿಲ್ಲ. ತಮ್ಮನಿಗೆ ಮಗಳನ್ನು ಕೊಟ್ಟು ಎರಡು ಮನೆಯನ್ನೂ ಒಂದು ಮಾಡಿದೆ ಎಂದು ಆ ಮುದುಕಿ ಸಾಯುವವರೆಗೂ ಹೆಮ್ಮೆಪಡುತ್ತಿದ್ದಳು.

ತಾಮ್ರವನ್ನು ಮೈಯಿಂದ ಹೊರಗೆಳೆಯುವ ಮಾತ್ರೆ ಆಗ ನಮ್ಮಲ್ಲಿ ಸುಲಭವಾಗಿ ಸಿಗುತ್ತಿರಲಿಲ್ಲ. ರೇವಣಸಿದ್ದಯ್ಯ ತಮ್ಮ ಜೊತೆ ಓದಿ ಇಂಗ್ಲೆಂಡಿಗೆ ಹೋಗಿದ್ದ ಗೆಳೆಯನಿಗೆ ಬರೆದು ತರಿಸಿದರು. ಮನೆಯಲ್ಲಿ ತಾಮ್ರದ ಹಂಡೆ, ಬಿಂದಿಗೆ ಅಟ್ಟ ಸೇರಿದವು. ತೆಂಗಿನಕಾಯಿ, ಕೊಬ್ಬರಿ, ಕಡಲೆಕಾಯಿ ಮಕ್ಕಳಿಗೆ ಬೇಡ ಎಂದಿದ್ದರು. ಕೊಬ್ಬರಿ ಅಟ್ಟದ ತುಂಬ ಇದ್ದ ಮನೆಯಲ್ಲಿ ಸಿದ್ದಗಂಗಮ್ಮ ಒಂದು ಚೂರು ಕಾಯಿ ಹಾಕದೆ ಎಲ್ಲರಿಗೂ ಸಾರು ಮಾಡತೊಡಗಿದಳು. ಮಕ್ಕಳು ಬೇರೆ, ನಾವು ಬೇರೆ ತಿನ್ನುವುದು ಬೇಡ ಎಂದಳಂತೆ.

ಬಂದ ಮೊದಲ ಕಟ್ಟಿನಲ್ಲಿ ಇಬ್ಬರಿಗೂ ಸಾಲುವಷ್ಟು ಮಾತ್ರೆ ಇರಲಿಲ್ಲ. ದೊಡ್ಡವಳಿಗೆ ಮೊದಲು ಶುರುಮಾಡೋಣ, ಅವಳದ್ದೇ ಅವಸರ ಎಂದು ಡಾಕ್ಟರು ತೀರ್ಮಾನಿಸಿದರು. ಹೊಂಬಾಳಮ್ಮನಿಗೆ ಮಾತ್ರೆ ಎಂದರೆ ಆಸೆ. ಹೊತ್ತಿಗೆ ಸರಿಯಾಗಿ ಬಾಯಿ ತೆರೆದು ಕಾಯುತ್ತಿದ್ದಳು.

ಎರಡನೇ ತಿಂಗಳಲ್ಲಿ ಅವಳು ಕೆಟ್ಟಳು. 'ಅವ್ವ' ಎಂಬ ಒಂದು ಮಾತಾದರೂ ಉಳಿದಿತ್ತು, ಅದೂ ಹೋಯಿತು. ಕೈಗಳು ತಿರುಚಿಕೊಂಡು ಎದೆಗೆ ಬಂದು ನಿಂತವು. ನಡೆಯುವುದು ನಿಂತಿತು. ರೇವಣಸಿದ್ದಯ್ಯ ಬೆಂಗಳೂರಿಗೆ ಹೋಗಿ ಕೇಳಿಕೊಂಡು ಬಂದರು. ಹೀಗೂ ಆಗುವುದುಂಟು, ಈಲಿಯಿಂದ ಕಿತ್ತ ತಾಮ್ರ ಒಮ್ಮೊಮ್ಮೆ ಮಿದುಳಿಗೇ ಹೋಗುತ್ತದೆ, ಮಾತ್ರೆ ಕಡಿಮೆ ಮಾಡಿ ನೋಡಿ, ಕೆಲವರು ಚೇತರಿಸಿಕೊಳ್ಳುತ್ತಾರೆ ಎಂದು ಅಲ್ಲಿನವರು ಹೇಳಿದರು. ಕಡಿಮೆ ಮಾಡಿದರು. ಹೊಂಬಾಳಮ್ಮ ಚೇತರಿಸಿಕೊಳ್ಳಲಿಲ್ಲ.

ಗಂಗಣ್ಣ ಒಂದು ಬೆಳಗ್ಗೆ ಆಸ್ಪತ್ರೆಗೆ ಬಂದು ಮಾತ್ರೆಯ ಡಬ್ಬಿಯನ್ನು ಮೇಜಿನ ಮೇಲಿಟ್ಟ. ಕೂಗಾಡಲಿಲ್ಲ. "ನಡ್ಕಂಡು ಬಂದಿದ್ಲು ಡಾಕ್ಟ್ರೇ ನಿಮ್ ತಾವ್ಕೆ. ಈಗ ಎತ್ಕಂಡು ತಿರುಗ್ತಾ ಇವ್ನಿ. ಇದು ಕಾಯಿಲೆ ಮಾಡಿದ್ದಾ, ನಿಮ್ ಮಾತ್ರೆ ಮಾಡಿದ್ದಾ?"

"ಗೊತ್ತಿಲ್ಲ ಗಂಗಣ್ಣ" ಎಂದರು ರೇವಣಸಿದ್ದಯ್ಯ. ಅವರಿಗೆ ನಿಜವಾಗಿ ಗೊತ್ತಿರಲಿಲ್ಲ.

"ಗೌರಿಗೆ ಮಾತ್ರ ಬ್ಯಾಡ" ಎಂದು ಹೇಳಿ ಅವನು ಹೊರಟುಹೋದ.

ಆದರೆ ಗೌರಿಯ ಪಾಲಿನ ಮಾತ್ರೆ ಅಷ್ಟರಲ್ಲಿ ಬಂದಿತ್ತು, ಡಾಕ್ಟರ ಬೀರುವಿನಲ್ಲಿತ್ತು. ಅಂದಿನಿಂದ ಅವರು ಸಂಜೆ ಆಸ್ಪತ್ರೆ ಮುಗಿಸಿ ಗಂಗಣ್ಣನ ಮನೆಗೆ ನಡೆದು ಹೋಗುವುದನ್ನು ರೂಢಿ ಮಾಡಿಕೊಂಡರು. ಅವರು ಬರುವುದು ಕಂಡರೆ ಗಂಗಣ್ಣ ತೋಟಕ್ಕೆ ಹೋಗಿಬಿಡುತ್ತಿದ್ದ. ಅವರು ಹೊಂಬಾಳಮ್ಮನನ್ನು ಹೇಗೆ ಒರಗಿಸಿ ಕೂರಿಸಬೇಕು, ಗಂಜಿಯನ್ನು ಗಂಟಲಿಗೆ ಸಿಕ್ಕದಂತೆ ಹೇಗೆ ಇಳಿಸಬೇಕು, ಬೆನ್ನು ಹುಣ್ಣಾಗದಂತೆ ಹೇಗೆ ಮಗ್ಗುಲು ಬದಲಿಸಬೇಕು ಎಂದು ತಾಯಿಗೆ ತೋರಿಸಿಕೊಟ್ಟರು. ಪ್ರತಿ ಸಲವೂ ಎದ್ದು ಹೊರಡುವ ಮುಂಚೆ ಗೌರಿಯ ಮಾತೆತ್ತುತ್ತಿದ್ದರು. ಸಿದ್ದಗಂಗಮ್ಮ ಮುಖ ಬೇರೆ ಕಡೆ ತಿರುಗಿಸುತ್ತಿದ್ದಳು.

ಒಂದು ಭಾನುವಾರದ ಮಧ್ಯಾಹ್ನ ಅವಳು ಬಾಯಿ ಬಿಟ್ಟಳು. ಹೊಂಬಾಳಮ್ಮನನ್ನು ಪಡಸಾಲೆಯ ಕಂಬಕ್ಕೆ ಒರಗಿಸಿದ್ದರು. ಗೌರಿ ಅಂಗಳದಲ್ಲಿ ಗೆರೆ ಎಳೆದು ಕುಂಟಾಬಿಲ್ಲೆ ಆಡುತ್ತಿದ್ದಳು.

"ಒಬ್ಬಳಿಗೆ ಹಿಂಗಾಗಿದ್ದ ಕಣ್ಣಾರೆ ಕಂಡು, ಕುಣ್ಕಂಡಿರೋಳ ಬಾಯಿಗೆ ಅದ್ನೇ ಹೆಂಗೆ ಹಾಕ್ಲಿ ಡಾಕ್ಟ್ರೇ? ನೀವೂ ಮಕ್ಕಳೊಂದಿಗರು. ನೀವೇ ಹೇಳಿ."

ಈರಣ್ಣನೂ ಹೀಗೇ ಕುಣಿದುಕೊಂಡಿದ್ದ, ಕಾಮಾಲೆ ಕಾಣುವ ಹಿಂದಿನ ವಾರದವರೆಗೆ ಎಂದು ಡಾಕ್ಟರು ಹೇಳಿದರು. ತಾಮ್ರ ಇನ್ನೂ ಮಿದುಳಿಗೆ ಏರದವರಿಗೆ ಈ ಮಾತ್ರೆ ಒಗ್ಗುತ್ತದೆ, ಗೌರಿಗೆ ಅಕ್ಕನಿಗಾದಂತೆ ಆಗುವುದಿಲ್ಲ ಎಂದು ನಾನು ನಂಬಿದ್ದೇನೆ, ಆದರೆ ಬರೆದು ಕೊಡು ಎಂದರೆ ಯಾರೂ ಬರೆದು ಕೊಡಲಾರರು ಎಂದರು. ಸಿದ್ದಗಂಗಮ್ಮ ಅಳತೊಡಗಿದಳು.

ಆಗ ರೇವಣಸಿದ್ದಯ್ಯ ಹೊಂಬಾಳಮ್ಮನ ಮುಂದೆ ಹೋಗಿ ನೆಲದ ಮೇಲೆ ಕೂತರು. ಅಲ್ಲಿದ್ದ ಎಲ್ಲರೂ ಅವಳ ತಲೆಯ ಮೇಲಿಂದಲೇ ಮಾತಾಡುತ್ತಿದ್ದರು. ಅವಳಿಗೆ ಎಲ್ಲ ಕೇಳಿಸುತ್ತಿತ್ತು, ಎಲ್ಲ ತಿಳಿಯುತ್ತಿತ್ತು.

"ನೋಡವ್ವ ಹೊಂಬಾಳ" ಎಂದರು. "ನಿನ್ನ ತಂಗಿಗೂ ಇದೇ ಕಾಯಿಲೆ. ಇನ್ನೂ ತಲೆಗೆ ಏರಿಲ್ಲ. ನಿನಗೆ ನನ್ನ ಔಷಧಿ ಆಗಿ ಬರಲಿಲ್ಲ. ಆದರೂ ಅವಳಿಗೆ ಕೊಡಬೇಕು ಅಂತೀನಿ. ಕೊಡೋದು ಬೇಡ ಅಂದರೆ ಸುಮ್ಮನಿರು. ಕೊಡಲಿ ಅಂದರೆ ಒಂದ್ಸಲ ಕಣ್ಣು ಮುಚ್ಚಿ ತೆಗಿ."

ಹೊಂಬಾಳಮ್ಮ ಅಂಗಳದ ಕಡೆ ನೋಡಿದಳು. ಗೌರಿ ಒಂಟಿಕಾಲಿನಲ್ಲಿ ಕುಂಟುತ್ತಾ ಕೊನೆಯ ಮನೆ ಮುಟ್ಟಿ, ತಿರುಗಿ, ಬಿಲ್ಲೆ ಎತ್ತಿಕೊಂಡಳು. ಹೊಂಬಾಳಮ್ಮ ಬಹಳ ಹೊತ್ತು ಅವಳನ್ನೇ ನೋಡಿದಳು. ಆಮೇಲೆ ಡಾಕ್ಟರತ್ತ ತಿರುಗಿ ನಿಧಾನವಾಗಿ ಕಣ್ಣು ಮುಚ್ಚಿ ತೆರೆದಳು. ಸರಿಯಾಗಿ ತಿಳಿಯಿತೋ ಇಲ್ಲವೋ ಎಂಬಂತೆ, ತಾಯಿಯ ಕಡೆ ನೋಡಿ ಮತ್ತೊಮ್ಮೆ ಮುಚ್ಚಿ ತೆರೆದಳು.

ಅಂದೇ ಗೌರಿಗೆ ಮೊದಲ ಮಾತ್ರೆ ಕೊಟ್ಟರು. ಸಂಜೆ ಗಂಡ ತೋಟದಿಂದ ಬಂದಾಗ ಸಿದ್ದಗಂಗಮ್ಮ ನಡೆದದ್ದನ್ನು ಹಾಗೆಯೇ ಹೇಳಿದಳು, ಏನನ್ನೂ ಮುಚ್ಚಿಡಲಿಲ್ಲ. ಗಂಗಣ್ಣ ಕೈಕಾಲು ತೊಳೆದುಕೊಂಡು ದೊಡ್ಡ ಮಗಳ ಪಕ್ಕದಲ್ಲಿ ಕೂತ. ಊಟಕ್ಕೆ ಕರೆದರೂ ಏಳಲಿಲ್ಲ.

ಗೌರಿಗೆ ಏನೂ ಕೆಡುಕಾಗಲಿಲ್ಲ. ಮೊದಲ ವಾರಗಳಲ್ಲಿ ಊಟ ರುಚಿಯಿಲ್ಲ ಎಂದಳು, ಆಮೇಲೆ ಅದೂ ಹೋಯಿತು. ತಾಯಿ ದಿನವೂ ಬೆಳಗ್ಗೆ ಅವಳಿಂದ ಕೈ ಚಾಚಿಸಿ ನೋಡುತ್ತಿದ್ದಳು, ಹೆಸರು ಹೇಳಿಸುತ್ತಿದ್ದಳು.

ಹೊಂಬಾಳಮ್ಮ ಮುಂದಿನ ಚಳಿಗಾಲದವರೆಗೆ ಇದ್ದಳು. ಒಂದು ದಿನ ಗಂಜಿ ಉಸಿರಿನ ದಾರಿಗೆ ಹೋಗಿ ಜ್ವರ ಬಂತು, ಎದೆ ಕಟ್ಟಿತು. ರೇವಣಸಿದ್ದಯ್ಯ ಆಸ್ಪತ್ರೆ ಬಿಟ್ಟು ಬಂದು ಕೂತರು, ಪೆನ್ಸಿಲಿನ್ ಕೊಟ್ಟರು, ಕೈಲಾದದ್ದೆಲ್ಲ ಮಾಡಿದರು. ಮಧ್ಯಾಹ್ನ ಊಟದ ಹೊತ್ತಿಗೆ ಅವಳು ತಾಯಿಯ ತೊಡೆಯ ಮೇಲೆ ಹೋದಳು. ಉಸಿರು ನಿಂತ ಮೇಲೆ ಮುಖದ ಬಿಗಿಯೆಲ್ಲ ಸಡಿಲವಾಗಿ, ಎರಡು ವರ್ಷದಿಂದ ಅಂಟಿಕೊಂಡಿದ್ದ ಆ ನಗು ಹೋಯಿತು. ಹನುಮಕ್ಕ ಕನಕಾಂಬರದ ದಂಡೆ ಕಟ್ಟಿ ತಂದು ಮುಡಿಸಿದಳು. ತೋಟದ ಮೂಲೆಯಲ್ಲಿ, ತಮ್ಮನ ಪಕ್ಕದಲ್ಲಿ, ಅವಳನ್ನು ಮಣ್ಣು ಮಾಡಿದರು. ಡಾಕ್ಟರು ಎಲ್ಲರ ಹಿಂದೆ ನಿಂತಿದ್ದು, ಕೊನೆಯಲ್ಲಿ ಬಂದು ಒಂದು ಹಿಡಿ ಮಣ್ಣು ಹಾಕಿದರು. ಗಂಗಣ್ಣ ಅವರತ್ತ ನೋಡಲಿಲ್ಲ.

ಆಮೇಲೆ ಸ್ವಲ್ಪ ಕಾಲ ರೇವಣಸಿದ್ದಯ್ಯನವರೂ ಬಂದ ರೋಗಿಗಳಿಗೆ ಬೇಗ ಬೇಗ ಚೀಟಿ ಬರೆದು ಕಳಿಸತೊಡಗಿದರು. ಸಾಲು ಬೇಗ ಕರಗುತ್ತಿತ್ತು, ಜನರಿಗೆ ಬಸ್ಸು ಸಿಗುತ್ತಿತ್ತು. ಕಷ್ಟದ ಕಾಯಿಲೆ ಬಂದರೆ ನೋಡದೆಯೇ ತಿಪಟೂರಿಗೆ ಹೋಗಿ ಎನ್ನುತ್ತಿದ್ದರು. ಒಂದು ರಾತ್ರಿ ಮನೆಯಲ್ಲಿ ಹೆಂಡತಿಯ ಹತ್ತಿರ, ನನಗೆ ಗೊತ್ತು ಎಂದುಕೊಂಡದ್ದೇ ಆ ಹುಡುಗಿಯನ್ನು ಕೊಂದಿತೇನೋ ಎಂದು ಹೇಳಿದರಂತೆ.

ಗೌರಿಯ ಮಾತ್ರೆ ಮುಗಿಯುವ ಹೊತ್ತಿಗೆ ಸಿದ್ದಗಂಗಮ್ಮ ಅವಳನ್ನು ಕರೆದುಕೊಂಡು ಬಂದಳು. ಅವಳು ಇನ್ನು ಬರುವುದಿಲ್ಲ ಎಂದೇ ಡಾಕ್ಟರು ತಿಳಿದಿದ್ದರು. ಮಗುವಿನ ಕಣ್ಣು ನೋಡಿ, ಹೊಟ್ಟೆ ಮುಟ್ಟಿ ನೋಡಿ, ಮಾತ್ರೆಯ ಡಬ್ಬಿ ತೆಗೆದವರು ಅದನ್ನು ಮತ್ತೆ ಬೀರುವಿನಲ್ಲಿಟ್ಟರು. ಸಿದ್ದಗಂಗಮ್ಮ ನೋಡಿದಳು.

"ಅವ್ಳು ಹೂಂ ಅಂದು ಹೋಗವಳೆ ಡಾಕ್ಟ್ರೇ. ನೀವು ಈಗ ಹಿಂದೇಟು ಹಾಕಬ್ಯಾಡಿ" ಎಂದಳು.

ಅಲ್ಲಿಂದ ಮುಂದೆ ಗೌರಿಯನ್ನು ಗಂಗಣ್ಣನೇ ಸೈಕಲ್ಲಿನಲ್ಲಿ ಕೂರಿಸಿಕೊಂಡು ಬರತೊಡಗಿದ. ಬಾಗಿಲಿನವರೆಗೆ ಬಂದು ಮಗಳನ್ನು ಒಳಗೆ ಕಳಿಸಿ, ಅವನು ಎದುರಿನ ಹೊಂಗೆಮರದ ಕೆಳಗೆ ನಿಲ್ಲುತ್ತಿದ್ದ. ಮಳೆಯಿದ್ದರೂ ಒಳಗೆ ಬರುತ್ತಿರಲಿಲ್ಲ. ಡಾಕ್ಟರೂ ಕರೆಯುತ್ತಿರಲಿಲ್ಲ, ಅವನ ಸಿಟ್ಟಿಗೆ ಕಾರಣವಿದೆ ಎಂದುಕೊಂಡಿದ್ದರು. ಹಾಗೆಯೇ ವರ್ಷಗಳು ಹೋದವು. ಗೌರಿ ಹೈಸ್ಕೂಲು ಸೇರಿದಳು, ಲಂಗದಾವಣಿ ಉಟ್ಟಳು, ತಾನೇ ತನ್ನ ಮಾತ್ರೆಯ ಲೆಕ್ಕ ಇಟ್ಟುಕೊಳ್ಳುವಷ್ಟು ದೊಡ್ಡವಳಾದಳು. ಕಣ್ಣಂಚಿನಲ್ಲಿ ಉಂಗುರ ಮೂಡಲಿಲ್ಲ. ರೇವಣಸಿದ್ದಯ್ಯ ಮತ್ತೆ ರೋಗಿಗಳ ಮುಂದೆ ಹೊತ್ತು ಹೋದದ್ದು ತಿಳಿಯದಂತೆ ಕೂರತೊಡಗಿದ್ದರು.

ಎಂಬತ್ತರ ದಶಕದ ನಡುವಿನಲ್ಲಿ ಅವರಿಗೆ ವರ್ಗವಾಯಿತು. ಗೌರಿಯ ಮಾತ್ರೆ ತಪ್ಪದಂತೆ ತಿಪಟೂರಿನ ಒಬ್ಬ ಡಾಕ್ಟರಿಗೆ ಎಲ್ಲವನ್ನೂ ಒಪ್ಪಿಸಿದರು. ಹೊರಡುವ ಹಿಂದಿನ ದಿನ ಗೌರಿ ನಮಸ್ಕಾರ ಮಾಡಿ ಹೋಗಲು ಬಂದಳು. ಅವಳು ಹೊರಗೆ ಹೋದ ಮೇಲೆ ಬಾಗಿಲಲ್ಲಿ ಗಂಗಣ್ಣ ನಿಂತಿದ್ದ. ತಲೆ ಪೂರ್ತಿ ನೆರೆತಿತ್ತು. ಒಳಗೆ ಬಂದು, ಹೇಳಿಸಿಕೊಳ್ಳದೆ ರೋಗಿಗಳು ಕೂರುವ ಸ್ಟೂಲಿನ ಮೇಲೆ ಕೂತ.

"ಒಂದ್ ಮಾತು ಕೇಳ್ಬೇಕಿತ್ತು ಡಾಕ್ಟ್ರೇ. ಇಷ್ಟ್ ವರ್ಷ ಧೈರ್ಯ ಬರ್ಲಿಲ್ಲ. ಅವಳ ಕೈ ನಡುಗಾಕೆ ಶುರುವಾಯ್ತಲ್ಲ, ಆಗ್ಲೇ ನಿಮ್ ತಾವ ಕರ್ಕಂಡು ಬಂದಿದ್ರೆ, ಆ ಗುಡಿ ಈ ಗುಡಿ ಅಂತ ನಾನು ವರ್ಷ ಕಳೀದೆ ಇದ್ದಿದ್ರೆ, ಉಳೀತಿದ್ಲಾ?"

ಅವನು ಒಳಗೆ ಬಾರದೆ ಹೊರಗೆ ನಿಂತದ್ದು ಯಾಕೆಂದು ರೇವಣಸಿದ್ದಯ್ಯನವರಿಗೆ ಆಗ ತಿಳಿಯಿತು. ಇಲ್ಲ ಎಂದು ಹೇಳಿ ಕಳಿಸಬಹುದಿತ್ತು. ಅವರು ಅವನ ಮುಖ ನೋಡಿದರು. ಆ ಮುಖ ಸುಳ್ಳು ಕೇಳಲು ಬಂದದ್ದಾಗಿರಲಿಲ್ಲ.

"ಉಳೀತಿದ್ದಳೇನೋ" ಎಂದರು.

ಗಂಗಣ್ಣ ತಲೆಯಾಡಿಸಿದ.

"ನಾನೂ ಒಂದು ಮಾತು ಕೇಳ್ಕೋತಿರ್ತೀನಿ ಗಂಗಣ್ಣ. ಮಾತ್ರೇನ ಇನ್ನೂ ಸಣ್ಣಗೆ, ಇನ್ನೂ ನಿಧಾನವಾಗಿ ಶುರುಮಾಡಿದ್ದರೆ ಉಳೀತಿದ್ದಳಾ ಅಂತ. ಅದಕ್ಕೆ ಉತ್ತರ ಹೇಳೋರು ನನಗೆ ಯಾರೂ ಸಿಕ್ಕಿಲ್ಲ."

ಗಂಗಣ್ಣ ಅವರನ್ನು ನೋಡಿದ. ಇಬ್ಬರೂ ಹಾಗೆಯೇ ಕೂತಿದ್ದರು. ಕಾಂಪೌಂಡರು ಬಾಗಿಲಿಗೆ ಬಂದು ನೋಡಿ, ಹೊರಗೆ ಕಾದವರಿಗೆ ಸ್ವಲ್ಪ ಇರಿ ಎಂದು ಹೇಳಿ ಹೋದ.

ಕೊನೆಗೆ ಗಂಗಣ್ಣ ಎದ್ದು, ಮೇಜಿನ ಮೇಲಿದ್ದ ಡಾಕ್ಟರ ಕೈಯನ್ನು ಒಂದು ಗಳಿಗೆ ಮುಟ್ಟಿ, "ಬತ್ತೀನಿ" ಎಂದ.

ಹೊರಗೆ ಗೌರಿ ಸೈಕಲ್ಲು ಹಿಡಿದುಕೊಂಡು ನಿಂತಿದ್ದಳು. ಒಳಗೆ ಏನು ಮಾತಾಡಿದೆ ಅಪ್ಪ ಎಂದು ಕೇಳಿದಳು. ಏನೂ ಇಲ್ಲ, ಹೋಗಣ ನಡಿ ಎಂದ ಗಂಗಣ್ಣ. ಅವನು ಸೈಕಲ್ಲು ಹತ್ತಲಿಲ್ಲ. ತಳ್ಳಿಕೊಂಡು, ಮಗಳ ಪಕ್ಕದಲ್ಲಿ, ಕೆರೆ ಏರಿಯ ಮೇಲೆ ನಡೆದುಕೊಂಡು ಹೋದ.